ಅಚ್ಚಿಗೆ ಹಚ್ಚಿದ ಎಣ್ಣೆ

ಇದನ್ನು ಬರೆಯಬೇಕೆಂದು ಕೂತಾಗಲೆಲ್ಲ ನಾನು ಮಷಿನ್ನಿನ ಬಗ್ಗೆ ಬರೆದು ಎದ್ದುಬಿಟ್ಟಿದ್ದೇನೆ. ಮಷಿನ್ನಿನ ಬಗ್ಗೆ ಬರೆಯುವುದು ನನಗೆ ಸಲೀಸು. ಅದರ ಒತ್ತಡ, ಅದರ ಶಾಖ, ಅದು ಬಾಯಿ ತೆರೆಯುವ ಸದ್ದು ಎಲ್ಲ ಬಾಯಿಪಾಠ. ಮನುಷ್ಯರ ಮಾತು ಬಂದಾಗ ಪೆನ್ನಿಗೆ ಮುಚ್ಚಳ ಹಾಕಿ, ನಾಳೆ ನೋಡೋಣ ಎಂದುಕೊಂಡಿದ್ದೇನೆ. ಹಾಗೆ ಮುಂದೂಡುತ್ತಲೇ ಕೆಲಸ ಬಿಟ್ಟು ಮನೆ ಸೇರಿದೆ, ಎರಡೂ ಕಣ್ಣಿನ ಪೊರೆ ತೆಗೆಸಿಕೊಂಡೆ, ಮೊಮ್ಮಕ್ಕಳು ಶಾಲೆಗೆ ಹೋಗತೊಡಗಿದರು. ಇನ್ನೂ ತಡ ಮಾಡಿದರೆ ಹೇಳುವವನೇ ಇರುವುದಿಲ್ಲ. ಈ ಸಲವೂ ಮಷಿನ್ನಿನಿಂದಲೇ ಶುರು ಮಾಡುತ್ತೇನೆ. ಆದರೆ ನಡುವೆ ಏಳುವುದಿಲ್ಲ.

ಯಲಬುರ್ಗಾ ಕಡೆಯ ಎರೆಹೊಲದ ಮನೆಯಲ್ಲಿ ಹುಟ್ಟಿದವನು ನಾನು. ಹೈಸ್ಕೂಲು ಮುಗಿಸಿ ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ಅಚ್ಚಿನ ಕೆಲಸ ಕಲಿತೆ. ಅಚ್ಚು ಎಂದರೆ ಉಕ್ಕಿನ ಎರಡು ಹೋಳು. ಎರಡನ್ನೂ ಮುಚ್ಚಿದಾಗ ನಡುವೆ ಉಳಿಯುವ ಖಾಲಿ ಜಾಗವೇ ವಸ್ತುವಿನ ಆಕಾರ. ಆ ಖಾಲಿ ಜಾಗಕ್ಕೆ ನಾವು ಗೂಡು ಎನ್ನುತ್ತಿದ್ದೆವು. ಕರಗಿದ ಪ್ಲಾಸ್ಟಿಕ್ಕನ್ನು ಮಷಿನ್ನು ಗೂಡಿನೊಳಗೆ ಒತ್ತಿ ತುಂಬುತ್ತದೆ. ಅಚ್ಚಿನ ಮೈಯೊಳಗೆ ತಣ್ಣೀರು ಓಡಾಡಿ ಅದನ್ನು ಗಟ್ಟಿ ಮಾಡುತ್ತದೆ. ಅಚ್ಚು ಬಾಯಿ ಬಿಟ್ಟಾಗ ಪೀಸು ಬೀಳುತ್ತದೆ. ಕೇಳಲಿಕ್ಕೆ ಇಷ್ಟೇ. ಇದರಲ್ಲಿ ನಾನು ಗಟ್ಟಿಗನಾಗಿದ್ದೆ. ಈ ವಯಸ್ಸಿನಲ್ಲಿ ಸುಮ್ಮನೆ ನಮ್ರತೆ ತೋರಿಸುವುದರಲ್ಲಿ ಅರ್ಥವಿಲ್ಲ. ಮಷಿನ್ನಿನ ಮೂತಿಯಲ್ಲಿ ಚಿಟಿಚಿಟಿ ಸದ್ದು ಬಂದರೆ ಪ್ಲಾಸ್ಟಿಕ್ ಕಾಳು ಹಸಿ ಹಿಡಿದಿದೆ ಎಂದು ದೂರದಿಂದಲೇ ಹೇಳುತ್ತಿದ್ದೆ. ಪೀಸಿನ ಅಂಚಿಗೆ ಹೆಬ್ಬೆರಳು ಸವರಿ ಅಚ್ಚು ಎಲ್ಲಿ ಸರಿಯಾಗಿ ಕೂತಿಲ್ಲ ಎಂದು ತೋರಿಸುತ್ತಿದ್ದೆ. ನಾನು ಕೂರಿಸಿದ ಅಚ್ಚನ್ನು ಇನ್ನೊಬ್ಬರು ಬಿಚ್ಚಿ ಕೂರಿಸಿದ್ದು ಕಡಿಮೆ.

ಮದುವೆಯಾದ ಮೇಲೆ ಹುಬ್ಬಳ್ಳಿ ಬಿಟ್ಟು ಈ ಕಡೆ ಬಂದೆ. ಹಿಟ್ನಾಳದ ಹತ್ತಿರ ಹೆದ್ದಾರಿಗೆ ಹೊಂದಿಕೊಂಡು ಒಂದು ಪ್ಲಾಸ್ಟಿಕ್ ಕಾರ್ಖಾನೆ ಇತ್ತು. ಅದರ ಮಾಲೀಕರನ್ನು ಎಲ್ಲರೂ ಸಾಹುಕಾರರು ಎಂದೇ ಕರೆಯುತ್ತಿದ್ದರು. ಕೊಡದ ಮುಚ್ಚಳ, ಹನಿ ನೀರಾವರಿಯ ಬಿಡಿಭಾಗ, ಬಕೀಟಿನ ಹಿಡಿಕೆ ಇಂಥವನ್ನು ಮಾಡುತ್ತಿದ್ದೆವು. ಆಮೇಲೆ ಸಾಹುಕಾರರಿಗೆ ಒಂದು ಯೋಚನೆ ಬಂತು. ಕಳೆ ತೆಗೆಯುವ ಕುರ್ಪಿಗೆ ಕಟ್ಟಿಗೆಯ ಹಿಡಿ ಇರುತ್ತದಲ್ಲ, ಅದರ ಬದಲು ಎರಡು ಬಣ್ಣದ ಪ್ಲಾಸ್ಟಿಕ್ ಹಿಡಿ ಮಾಡಿದರೆ ಹೇಗೆ? ಒಳಗೆ ಕರಿಯ ಗಟ್ಟಿ ಪ್ಲಾಸ್ಟಿಕ್, ಮೇಲೆ ರಬ್ಬರಿನಂಥ ಕೆಂಪು ಮೆತ್ತನೆಯ ಹೊದಿಕೆ. ಕೈಗೆ ಬೊಬ್ಬೆ ಬರುವುದಿಲ್ಲ, ಕೆಸರುಗೈಯಿಂದ ಜಾರುವುದಿಲ್ಲ. ಗಂಗಾವತಿಯ ಭತ್ತದ ಗದ್ದೆಗಳಲ್ಲಿ ಕಳೆ ತೆಗೆಯುವ ಹೆಣ್ಣುಮಕ್ಕಳು ಬಿಡುವುದಿಲ್ಲ ಎಂದು ಅವರ ಲೆಕ್ಕ. ಲೆಕ್ಕ ಸರಿಯಾಗಿಯೇ ಇತ್ತು.

ಎರಡು ಬಣ್ಣವನ್ನು ಒಂದೇ ಉಸಿರಿಗೆ ಹಾಕುವ ದೊಡ್ಡ ಮಷಿನ್ನು ಆಗ ನಮ್ಮಲ್ಲಿರಲಿಲ್ಲ. ಎರಡು ಹಳೆಯ ಮಷಿನ್ನುಗಳನ್ನು ಅಕ್ಕಪಕ್ಕ ನಿಲ್ಲಿಸಿ ಕೆಲಸ ಸಾಗಿಸಿದೆವು. ಮೊದಲನೆಯದರಲ್ಲಿ ಕರಿಯ ಹಿಡಿ ಬೀಳುತ್ತದೆ. ಅದು ಬಿಸಿ ಇರುವಾಗಲೇ ಎತ್ತಿ ಎರಡನೆಯ ಮಷಿನ್ನಿನ ಅಚ್ಚಿನೊಳಗೆ ಇಡಬೇಕು. ಅಲ್ಲಿ ಅದರ ಮೇಲೆ ಕೆಂಪು ಬಂದು ಕೂರುತ್ತದೆ. ಕೆಂಪು ಕರಿಯದಕ್ಕೆ ಅಂಟುವುದು ಗೋಂದಿನಿಂದಲ್ಲ. ಒಂದರ ಬಿಸಿಗೆ ಇನ್ನೊಂದರ ಮೇಲ್ಮೈ ತುಸು ಕರಗಿ ಎರಡೂ ಬೆಸೆದುಕೊಳ್ಳುತ್ತವೆ. ನಡುವೆ ಧೂಳಾಗಲಿ, ನೀರಾಗಲಿ, ಎಣ್ಣೆಯಾಗಲಿ ಬಂದರೆ ಬೆಸುಗೆ ಹಿಡಿಯುವುದಿಲ್ಲ. ಬಂದ ದಿನ ಅಂಟಿದಂತೆ ಕಾಣುತ್ತದೆ, ಕೆಲಸಕ್ಕೆ ಇಳಿದ ಮೇಲೆ ಸುಲಿಯುತ್ತದೆ. ಎಣ್ಣೆ ಮುಟ್ಟಿದ ಕೈ ಪೀಸು ಮುಟ್ಟಬಾರದು ಎಂದು ಗೋಡೆಗೆ ದೊಡ್ಡ ಅಕ್ಷರದಲ್ಲಿ ಬರೆಸಿದವನೇ ನಾನು.

ಕರಿಯ ಹಿಡಿಯನ್ನು ಎತ್ತಿ ಎರಡನೆಯ ಅಚ್ಚಿನಲ್ಲಿಡುವ ಕೆಲಸಕ್ಕೆ ಚುರುಕು ಕೈ ಬೇಕಿತ್ತು. ನನ್ನ ಹೆಂಡತಿ ತನ್ನ ಚಿಕ್ಕಪ್ಪನ ಮಗಳ ಹೆಸರು ಹೇಳಿದಳು. ಬೇವೂರಿನವಳು, ಮದುವೆಯಾಗಿ ಗಂಡನ ಕಡೆ ಸರಿ ಹೋಗದೆ ತವರಿಗೆ ಬಂದು ಕೂತಿದ್ದಳು. ನನ್ನ ಹೆಂಡತಿಗೆ ತಂದೆತಾಯಿ ಬೇಗ ಹೋಗಿದ್ದರಿಂದ ಆ ಚಿಕ್ಕಪ್ಪನ ಮನೆಯೇ ತವರು. ತಂಗಿಗೆ ಒಂದು ದಾರಿ ಮಾಡಿಕೊಟ್ಟರೆ ತವರಿನಲ್ಲಿ ತಾನು ತಲೆ ಎತ್ತಿ ನಡೆಯಬಹುದು ಎಂಬುದು ಅವಳ ಆಸೆ. ನಾನು ಸಾಹುಕಾರರಿಗೆ ಹೇಳಿ ಕೆಲಸಕ್ಕೆ ಸೇರಿಸಿದೆ. ಆಕೆ ನನ್ನನ್ನು ಮಾಮಾ ಎನ್ನುತ್ತಿದ್ದಳು. ಮಾತಿನಲ್ಲಿ ಚೂಟಿ, ಕೈಯಲ್ಲಿ ಇನ್ನೂ ಚೂಟಿ. ಬಿಸಿ ಹಿಡಿಯನ್ನು ರೊಟ್ಟಿ ತಿರುವಿದಷ್ಟು ಹಗುರಾಗಿ ಎತ್ತಿ ಇಡುತ್ತಿದ್ದಳು. ಒಂದು ದಿನವೂ ಅಚ್ಚು ತನಗಾಗಿ ಕಾಯುವಂತೆ ಮಾಡಲಿಲ್ಲ.

ಈಗ ಎಣ್ಣೆಯ ಮಾತು.

ನಮ್ಮಪ್ಪ ಕಾರಹುಣ್ಣಿಮೆಯ ದಿನ ಎತ್ತಿನ ಕೋಡಿಗೆ ಎಣ್ಣೆ ಸವರಿ, ಆಮೇಲೆ ಬಣ್ಣ ಹಚ್ಚುತ್ತಿದ್ದ. ಬಿತ್ತುವ ಮೊದಲು ಕೂರಿಗೆಗೂ ಒಂದು ಬೊಟ್ಟು ಎಣ್ಣೆ ಮುಟ್ಟಿಸದೆ ಹೊಲಕ್ಕೆ ಹೊರಡುತ್ತಿರಲಿಲ್ಲ. ದುಡಿಯುವ ವಸ್ತುವಿಗೆ ಎಣ್ಣೆ ಕಾಣಿಸಬೇಕು, ಅದು ಒಕ್ಕಲುತನದ ಮನೆಯ ನಡಾವಳಿ. ನನಗೂ ಅದು ಕೈಗೆ ಅಂಟಿತ್ತು. ದಿನಾ ಬೆಳಿಗ್ಗೆ ಮಷಿನ್ನು ಶುರು ಮಾಡುವ ಮೊದಲು ಕೊಬ್ಬರಿ ಎಣ್ಣೆಯಲ್ಲಿ ವಿಭೂತಿ ಕಲಸಿ, ಅಚ್ಚಿನ ಮೇಲೆ ಮೂರು ಬೆರಳು ಎಳೆಯುತ್ತಿದ್ದೆ. ಬೇರೆಯವರು ಮಷಿನ್ನಿನ ಹೊರಮೈಗೆ ಕುಂಕುಮ ಹಚ್ಚಿ ಕೈ ಮುಗಿಯುತ್ತಿದ್ದರು. ನನಗೆ ಅದು ಸಾಲುತ್ತಿರಲಿಲ್ಲ. ಹೊರಗೆ ಬರೀ ತಗಡು. ಪೀಸು ಹುಟ್ಟುವುದು ಒಳಗೆ. ಆದ್ದರಿಂದ ಕರಿಯ ಹಿಡಿಯ ಅಚ್ಚಿನ ಬಾಯಿ ತೆರೆಸಿ, ಒಳಮುಖದ ನಡುವೆ ಹಚ್ಚುತ್ತಿದ್ದೆ. ಗೂಡುಗಳಿಗೆ ತಾಗದ ಹಾಗೆ, ನಡುವಿನ ಸಮತಟ್ಟು ಜಾಗಕ್ಕೆ ಮಾತ್ರ. ನನಗೆ ಗೊತ್ತಿಲ್ಲದ ಕೆಲಸವೇ ಎಂಬ ಜಂಬ. ಗೋಡೆಯ ಮೇಲಿನ ಬರಹ ಕೆಲಸದವರಿಗೆ, ನನಗಲ್ಲ.

ಹಿಡಿಗಳು ಮಾರಾಟಕ್ಕೆ ಹೋದವು. ಒಂದು ಹಂಗಾಮು ಮುಗಿಯುವುದರೊಳಗೆ ಗಂಗಾವತಿಯ ವ್ಯಾಪಾರಿ ಗೋಣಿಚೀಲದಲ್ಲಿ ವಾಪಸ್ ತಂದು ಸಾಹುಕಾರರ ಕೋಣೆಯಲ್ಲಿ ಸುರಿದ. ಗದ್ದೆಯ ಹೆಣ್ಣುಮಕ್ಕಳು ಅಂಗಡಿಯ ಮುಂದೆ ನಿಂತು ಬೈದಿದ್ದರಂತೆ. ಕೆಂಪು ಹೊದಿಕೆ ಕರಿಯ ಹಿಡಿಯಿಂದ ಸಡಿಲಾಗಿ ಕಾಲುಚೀಲದ ಹಾಗೆ ಇಳಿಯುತ್ತಿತ್ತು. ಸಾಹುಕಾರರು ಒಂದನ್ನು ಎತ್ತಿ ನನ್ನ ಕಣ್ಣೆದುರೇ ಸುಲಿದರು.

“ಬಾಳಿಹಣ್ಣಿನ ಸಿಪ್ಪಿ ಸುಲದಂಗ ಸುಲೀತೈತಲ್ರಿ. ಇದಕ್ಕೇನಂತೀರಿ?”

ನಾನು ಯೋಚನೆ ಮಾಡಲೇ ಇಲ್ಲ. ಯೋಚಿಸದೆ ಉತ್ತರ ಕೊಡುವುದೇ ಗಟ್ಟಿಗನ ಲಕ್ಷಣ ಎಂದು ತಿಳಿದಿದ್ದ ಕಾಲ ಅದು.

“ಎಣ್ಣಿ ಕೈರಿ ಸಾಹುಕಾರ್ರ,” ಎಂದೆ. “ಹೆಣ್ಮಕ್ಕಳು ತಲಿಗೆ ಎಣ್ಣಿ ಹಚ್ಕೊಂಡು ಬರ್ತಾರ, ನಡುವ ಹೆರಳು ಸರಿ ಮಾಡ್ಕೋತಾರ, ಅದ ಕೈಲೆ ಪೀಸ್ ಮುಟ್ತಾರ.”

ಹೆಣ್ಣುಮಕ್ಕಳು ಎಂದೆನೇ ಹೊರತು ಹೆಸರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಆ ಹಿಡಿಗಳನ್ನು ಮುಟ್ಟುವ ಕೈ ಒಂದೇ ಇತ್ತು. ಸಾಹುಕಾರರು ಆಕೆಯನ್ನು ಕರೆಸಿದರು. ಆಕೆ ಬಂದು, ಎರಡೂ ಅಂಗೈ ಚಾಚಿ ನಿಂತಳು. ದಿನಾ ಸಾಬೂನು ಪುಡಿ ಹಾಕಿ ತಿಕ್ಕಿ ತೊಳೆದುಕೊಂಡು, ತಲೆಗೆ ಬಟ್ಟೆ ಬಿಗಿದುಕೊಂಡೇ ಕೆಲಸಕ್ಕೆ ಕೂರುತ್ತೇನೆ ಎಂದಳು. ಅದು ನಿಜವಾಗಿತ್ತು; ನಾನು ದಿನಾ ನೋಡುತ್ತಿದ್ದೆ.

“ಬೇಕಾದ್ರ ಮೂಸಿ ನೋಡ್ರಿ. ನನ್ನ ಕೈ ಸ್ವಚ್ಛ ಅದಾವ್ರಿ,” ಎಂದು ನನ್ನ ಕಡೆ ತಿರುಗಿದಳು. “ಮಾಮಾ, ನೀವರ ಹೇಳ್ರಿ.”

ನಾನು ನೆಲದ ಮೇಲಿನ ಹಿಡಿಗಳ ರಾಶಿಯನ್ನು ನೋಡುತ್ತಿದ್ದೆ. ಸಾಹುಕಾರರು ಕೆಟ್ಟವರಲ್ಲ. ಕೆಲಸದಿಂದ ತೆಗೆಯುವುದಿಲ್ಲ, ನಾಳೆಯಿಂದ ಕಸ ಗುಡಿಸು, ರದ್ದಿ ಪ್ಲಾಸ್ಟಿಕ್ ಪುಡಿ ಮಾಡುವ ಕಡೆ ಇರು ಎಂದರು. ಆಕೆ ಕೈ ಇಳಿಸಿ ಹೊರಗೆ ಹೋದಳು.

ಇಲ್ಲಿಯವರೆಗೆ ನಾನು ಮಾಡಿದ್ದು ತಪ್ಪು. ಇನ್ನು ಮೇಲೆ ಮಾಡಿದ್ದಕ್ಕೆ ಬೇರೆ ಹೆಸರಿದೆ.

ಮಧ್ಯಾಹ್ನ ಸಾಹುಕಾರರು, ಆ ಚೀಲದಲ್ಲಿ ಚೆನ್ನಾಗಿರುವ ಹಿಡಿ ಇದ್ದರೆ ಆರಿಸಿ ಎಂದರು. ನಾನು ಒಬ್ಬನೇ ಕೂತು ಒಂದೊಂದಾಗಿ ನೋಡತೊಡಗಿದೆ. ಅಚ್ಚಿನಲ್ಲಿ ನಾಲ್ಕು ಗೂಡುಗಳಿದ್ದವು: ಮೇಲೆ ಎರಡು, ಕೆಳಗೆ ಎರಡು. ಯಾವ ಗೂಡಿನಲ್ಲಿ ಹುಟ್ಟಿದ ಪೀಸು ಎಂದು ತಿಳಿಯಲಿ ಎಂದು ಪ್ರತಿ ಗೂಡಿನ ತಳದಲ್ಲೂ ಒಂದು ಸಣ್ಣ ಅಂಕಿ ಕೊರೆದಿರುತ್ತಾರೆ. ಅದು ಪೀಸಿನ ಬುಡದಲ್ಲಿ ಮೂಡುತ್ತದೆ. ಯಾರೂ ನೋಡುವುದಿಲ್ಲ; ನಮ್ಮಂಥವರು ನೋಡುತ್ತೇವೆ. ಮೊದಲನೆಯ ಸುಲಿದ ಹಿಡಿಯ ಬುಡದಲ್ಲಿ ಮೂರು. ಮುಂದಿನದರಲ್ಲಿ ನಾಲ್ಕು. ಮತ್ತೆ ಮೂರು. ಮತ್ತೆ ನಾಲ್ಕು. ಚೀಲವನ್ನು ಪೂರ್ತಿ ಬೋರಲು ಹಾಕಿದೆ. ಒಂದನೆಯ, ಎರಡನೆಯ ಗೂಡಿನ ಹಿಡಿಗಳು ಗಟ್ಟಿಯಾಗಿದ್ದವು. ಸುಲಿದದ್ದೆಲ್ಲ ಕೆಳಗಿನ ಎರಡು ಗೂಡಿನವು.

ಕೈಯ ಎಣ್ಣೆಯಾಗಿದ್ದರೆ ಅದು ಅಂಕಿ ನೋಡಿ ಅಂಟುವುದಿಲ್ಲ. ಎಲ್ಲ ಹಿಡಿಗೂ ಅಂಟಬೇಕು. ಎದ್ದು ಹೋಗಿ ಅಚ್ಚಿನ ಬಾಯಿ ತೆರೆಸಿದೆ. ನಡುವೆ ನಾನು ಬೆಳಿಗ್ಗೆ ಎಳೆದ ಮೂರು ಗೆರೆ. ಅಚ್ಚು ಕಾದಂತೆ ಎಣ್ಣೆ ತೆಳುವಾಗಿ, ವಿಭೂತಿಯನ್ನು ಅಲ್ಲಿಯೇ ಬಿಟ್ಟು, ತಾನೊಂದೇ ಕೆಳಗೆ ಇಳಿದಿತ್ತು. ಬೆರಳಿನಿಂದ ಆ ದಾರಿ ಹಿಡಿದು ಹೋದೆ. ನೇರ ಮೂರನೆಯ ಗೂಡಿನ ಅಂಚಿಗೆ, ಅಲ್ಲಿಂದ ನಾಲ್ಕನೆಯದಕ್ಕೆ. ಕರಿಯ ಹಿಡಿ ಹುಟ್ಟುವಾಗಲೇ ಎಣ್ಣೆ ಹಚ್ಚಿಕೊಂಡು ಹುಟ್ಟುತ್ತಿತ್ತು. ಕರಿಯದರ ಮೇಲೆ ಅದು ಕಣ್ಣಿಗೂ ಕಾಣುತ್ತಿರಲಿಲ್ಲ.

ಸಾಹುಕಾರರ ಕೋಣೆ ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿತ್ತು. ಆಕೆ ಇನ್ನೂ ಅಲ್ಲಿಯೇ, ಹಿಂದಿನ ಗೋಡೆಯ ಹತ್ತಿರ ಕೂತು ರೊಟ್ಟಿ ಬಿಚ್ಚಿದ್ದಳು. ನಾನು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಆ ತಿಂಗಳು ನನ್ನನ್ನು ಇಡೀ ಕಾರ್ಖಾನೆಯ ಮೇಸ್ತ್ರಿ ಮಾಡುವ ಮಾತು ನಡೆದಿತ್ತು. ಅದಕ್ಕಿಂತ ಹೆಚ್ಚಾಗಿ, ಎಣ್ಣೆ ಮುಟ್ಟಬೇಡಿ ಎಂದು ಎಲ್ಲರಿಗೂ ಪಾಠ ಹೇಳಿದವನು ನಾನೇ. ಜನ ನಗುತ್ತಾರೆ ಎಂಬ ಒಂದೇ ಹೆದರಿಕೆ, ಬೇರೆಲ್ಲದಕ್ಕಿಂತ ದೊಡ್ಡದಾಗಿ ನಿಂತಿತು. ಸುಲಿದ ಹಿಡಿಗಳನ್ನೆಲ್ಲ ಬುಟ್ಟಿಗೆ ತುಂಬಿ, ನಾನೇ ಒಯ್ದು ರದ್ದಿ ಪುಡಿ ಮಾಡುವ ಮಷಿನ್ನಿಗೆ ಸುರಿದೆ. ಎರಡು ಬಣ್ಣ, ಎರಡು ಜಾತಿಯ ಪ್ಲಾಸ್ಟಿಕ್ ಸೇರಿದ ಪುಡಿ ಯಾವ ಕೆಲಸಕ್ಕೂ ಬರುವುದಿಲ್ಲ. ಅದನ್ನು ಯಾರೂ ಪುಡಿ ಮಾಡಿಸುವುದೂ ಇಲ್ಲ. ಯಾಕೆ ಹಾಕಿದಿರಿ ಎಂದು ಸಾಹುಕಾರರು ಕೇಳಿದಾಗ, ಜಾಗ ಖಾಲಿ ಆಗಲಿ ಎಂದು ಹಾಕಿದೆ ಎಂದೆ. ಅಂಕಿಗಳೆಲ್ಲ ಪುಡಿಯಾಗಿದ್ದವು.

ಸಂಜೆ ಬಸ್ ನಿಲ್ಲುವ ಕಡೆ ಆಕೆ ನಿಂತಿದ್ದಳು. ನನ್ನ ಸೈಕಲ್ ಮೋಟಾರ್ ನೋಡಿ ಮುಂದೆ ಬಂದಳು. ಬೆಳಿಗ್ಗೆ ಕೇಳಿದ್ದನ್ನೇ ಇನ್ನೊಮ್ಮೆ ಕೇಳಿದಳು: ಮಾಮಾ, ನನ್ನ ಕೈ ನೀವು ದಿನಾ ನೋಡುತ್ತೀರಲ್ಲ? ನಾಳೆ ನೋಡೋಣ ಬಾ ಎಂದೆ. ಮರುದಿನ ಆಕೆ ಬರಲಿಲ್ಲ. ಮತ್ತೆ ಯಾವತ್ತೂ ಬರಲಿಲ್ಲ.

ಮರುದಿನದಿಂದ ನಾನು ಒಳಗೆ ಎಣ್ಣೆ ಹಚ್ಚುವುದನ್ನು ಬಿಟ್ಟೆ. ಅಚ್ಚನ್ನು ಪೂರ್ತಿ ಬಿಚ್ಚಿ ತೊಳೆದೆ. ಆಕೆಯ ಜಾಗದಲ್ಲಿ ಇನ್ನೊಬ್ಬಳು ಬಂದು ಕೂತಳು. ಹಿಡಿಗಳು ಕಲ್ಲಿನ ಹಾಗೆ ಬರತೊಡಗಿದವು. ಇಕ್ಕಳ ಹಾಕಿ ಎಳೆದರೂ ಕೆಂಪು ಏಳಲಿಲ್ಲ. ನೋಡಿದಿರಾ, ಕೈ ಬದಲಾಯಿತು, ದೋಷ ಹೋಯಿತು ಎಂದು ಎಲ್ಲರೂ ಅಂದರು. ನಾನು ಎಣ್ಣೆ ಬಿಟ್ಟಿದ್ದೇ ಆಕೆಯ ಮೇಲೆ ಸಾಕ್ಷಿಯಾಯಿತು. ನಾನು ಮೇಸ್ತ್ರಿಯಾದೆ.

ಸುದ್ದಿ ಬೇವೂರಿಗೆ ಮುಟ್ಟಿತು. ಹೊಲಸು ಕೈಯವಳು ಎಂದು ಊರ ಹೆಣ್ಣುಮಕ್ಕಳು ಆಡಿಕೊಂಡರಂತೆ. ನನ್ನ ಹೆಂಡತಿ ನನ್ನನ್ನು ಒಂದೇ ಒಂದು ಸಲ ಕೇಳಿದಳು, ಅದು ಖರೆ ಏನು ಎಂದು. ಖರೆ ಎಂದೆ. ಅವಳು ಆ ವಾರವೇ ಬಸ್ ಹತ್ತಿ ತವರಿಗೆ ಹೋದಳು. ತಂಗಿಗೆ ಬುದ್ಧಿ ಹೇಳಿ, ತಪ್ಪು ಒಪ್ಪಿಸಿ, ಮತ್ತೆ ಕೆಲಸಕ್ಕೆ ಕರೆದುಕೊಂಡು ಬರಬೇಕು ಎಂಬುದು ಅವಳ ವಿಚಾರ. ಅಲ್ಲಿ ನಡೆದದ್ದನ್ನು ವಾಪಸ್ ಬಂದ ಮೇಲೆ ನನಗೆ ಹೇಳಿದಳು, ಮೆಂತ್ಯೆ ಸೊಪ್ಪು ಬಿಡಿಸುತ್ತ, ತಲೆ ಎತ್ತದೆ. ತಂಗಿ ತಪ್ಪು ಒಪ್ಪಲಿಲ್ಲ. ಚಿಕ್ಕಪ್ಪ, ನನ್ನ ಮಗಳ ಕೈ ನನಗೆ ಗೊತ್ತಿದೆ ಎಂದ. ಆಗ ಇವಳು ನಡುಮನೆಯಲ್ಲಿ ನಿಂತು ಹೇಳಿದಳಂತೆ:

“ನಮ್ಮನಿಯವ್ರು ಸುಳ್ಳ ಹೇಳೂ ಮನಷ್ಯಾ ಅಲ್ಲ, ಚಿಗಪ್ಪಾ.”

ಚಿಕ್ಕಪ್ಪ ಹೇಳಿದನಂತೆ: “ಹಂಗಾರ ನಿಮ್ಮನಿಯವ್ರ ಮನ್ಯಾಗ ಇರವ್ವಾ.”

ಅಷ್ಟೇ. ಆ ವರ್ಷ ನಾಗರ ಪಂಚಮಿಗೆ ತವರಿನಿಂದ ಅವಳನ್ನು ಕರೆಯಲು ಯಾರೂ ಬರಲಿಲ್ಲ. ನಮ್ಮ ಕಡೆ ಪಂಚಮಿ ಎಂದರೆ ಹೆಣ್ಣುಮಕ್ಕಳ ಹಬ್ಬ. ತವರಿನಿಂದ ಅಣ್ಣನೋ ತಮ್ಮನೋ ಬಂದು ಕರೆದೊಯ್ಯಬೇಕು. ಅಲ್ಲಿ ಉಂಡಿ ತಿಂದು ಜೋಕಾಲಿ ಆಡಬೇಕು. ಮುದುಕಿಯಾದರೂ ಆ ದಿನ ಬಾಗಿಲು ನೋಡುತ್ತಾಳೆ. ನನ್ನ ಹೆಂಡತಿ ಮನೆಯಲ್ಲೇ ಶೇಂಗಾ ಉಂಡಿ, ಎಳ್ಳುಂಡಿ ಕಟ್ಟಿದಳು. ಮಕ್ಕಳಿಗೆ ಬೇವಿನ ಗಿಡಕ್ಕೆ ಜೋಕಾಲಿ ಕಟ್ಟಿಸಿದಳು. ನನಗೆ ಎಲ್ಲಿ ಹೋಗಲು ಪುರಸೊತ್ತಿದೆ ಎಂದು ಯಾರೂ ಕೇಳದಿದ್ದರೂ ಹೇಳಿದಳು. ಮುಂದಿನ ಪಂಚಮಿಗೂ ಯಾರೂ ಬರಲಿಲ್ಲ, ಅದರ ಮುಂದಿನದಕ್ಕೂ ಇಲ್ಲ. ಯಲಬುರ್ಗಾಕ್ಕೆ ಏನಾದರೂ ಕೆಲಸಕ್ಕೆ ಹೋದರೆ ಬಸ್ಸಿನಲ್ಲಿ ಬೇವೂರು ಬರುವಾಗ ಅವಳು ಕಿಟಕಿಯ ಕಡೆ ಕೂರುತ್ತಿರಲಿಲ್ಲ.

ವರ್ಷಗಳು ಹೋದವು. ಹಿಡಿಗಳಿಗೆ ಒಳ್ಳೆಯ ಹೆಸರು ಬಂತು. ಸಾಹುಕಾರರು ಕಡೆಗೆ ಎರಡು ಬಣ್ಣದ ಮಷಿನ್ನನ್ನೇ ತರಿಸಿದರು. ಅದನ್ನು ನೋಡುವುದೇ ಒಂದು ಸುಖ. ಒಂದೇ ಮಷಿನ್ನಿಗೆ ಎರಡು ಮೂತಿ, ಒಂದರಿಂದ ಕರಿಯದು, ಇನ್ನೊಂದರಿಂದ ಕೆಂಪು. ಕರಿಯ ಹಿಡಿ ಹುಟ್ಟಿದ ಕೂಡಲೇ ಅಚ್ಚಿನ ಅರ್ಧಭಾಗ ಹಿಡಿಯ ಸಮೇತ ತಿರುಗಿ ಕೆಂಪಿನ ಎದುರು ನಿಲ್ಲುತ್ತದೆ, ಅಲ್ಲಿ ಹೊದಿಕೆ ಹೊದ್ದು ಹೊರಗೆ ಬೀಳುತ್ತದೆ. ನಡುವೆ ಮನುಷ್ಯರ ಕೈಗೆ ಕೆಲಸವೇ ಇಲ್ಲ. ಅದನ್ನು ಕೂರಿಸುವ ದಿನಗಳಲ್ಲಿ ನಾನು ಮನೆಗೆ ಹೋಗಲು ಮರೆಯುತ್ತಿದ್ದೆ.

ಮೊದಲ ದಿನದ ಪೂಜೆಗೆ ಎಲ್ಲರೂ ಸೇರಿದ್ದರು. ಕಾಯಿ ಒಡೆದಾಯಿತು, ಕರ್ಪೂರ ಬೆಳಗಿದ್ದಾಯಿತು. ಆಗ ಸಾಹುಕಾರರು ನನ್ನ ಕಡೆ ತಿರುಗಿ, ನೀವು ಮೊದಲು ಅಚ್ಚಿನ ಒಳಗೆ ಎಣ್ಣೆ ವಿಭೂತಿ ಹಚ್ಚುತ್ತಿದ್ದಿರಲ್ಲ, ಆಗಿನಿಂದಲೇ ದೇವರು ನಮ್ಮ ಕೈ ಹಿಡಿದದ್ದು, ಇದಕ್ಕೂ ಹಚ್ಚೋಣ ಎಂದರು. ನಾನು ಹಚ್ಚಲಿ ಎಂದು ಕಾದರು. ನಾನು ಅಲ್ಲಾಡಲಿಲ್ಲ. ಬೇಡ ಎನ್ನಬೇಕಿದ್ದರೆ ಯಾಕೆ ಬೇಡ ಎಂದು ಹೇಳಬೇಕಿತ್ತು. ನನಗೆ ವಯಸ್ಸಾಯಿತು, ಬಾಗಲು ಆಗುವುದಿಲ್ಲ ಎಂದು ತಿಳಿದು ಅವರೇ ಬಾಗಿ, ತಾವೇ ಮೂರು ಬೆರಳು ಎಳೆದರು. ಜಾಗವನ್ನು ಸರಿಯಾಗಿ ನೆನಪಿಟ್ಟಿದ್ದರು.

ಆ ದಿನದ ಹಿಡಿಗಳನ್ನು ನೀರಿನಲ್ಲಿ ನೆನೆಸಿ ಇಕ್ಕಳ ಹಾಕಿ ಎಳೆದು ನೋಡಿದೆವು. ಕೆಲವು ಸುಲಿದವು. ಮಷಿನ್ನಿನ ಕಂಪನಿಯಿಂದ ಬಂದ ಇಂಜಿನಿಯರು ಶಾಖ ಹೆಚ್ಚಿಸಿದ, ಒತ್ತಡ ಹೆಚ್ಚಿಸಿದ, ಕಾಳನ್ನು ಮತ್ತೆ ಒಣಗಿಸಿದ. ಮರುದಿನ ಸಾಹುಕಾರರು ದಿನದ ಪೂಜೆಗೆಂದು ಮತ್ತೆ ಒಳಗೆ ಮೂರು ಬೆರಳು ಎಳೆದರು, ಮತ್ತೆ ಸುಲಿದವು. ನಾನು ಒಂದನ್ನು ತಿರುಗಿಸಿ ಬುಡ ನೋಡಿದೆ. ನೋಡುವ ಅಗತ್ಯ ಇರಲಿಲ್ಲ. ಸಾಹುಕಾರರು ಮಷಿನ್ನಿನ ಸುತ್ತ ಒಂದು ಸುತ್ತು ಬಂದು ನಿಂತು, ತಮಗೆ ತಾವೇ ಎಂಬಂತೆ ಹೇಳಿದರು:

“ಇಲ್ಲಿ ಯಾರ ಕೈನೂ ಮುಟ್ಟಂಗಿಲ್ಲಲ್ರಿ. ಮತ್ಯಾಕ?”

ಅಲ್ಲಿಗೆ ನನ್ನ ಬಾಯಿ ತೆರೆಯಿತು. ಧೈರ್ಯದಿಂದಲ್ಲ, ತಪ್ಪು ಹೊರಿಸಲು ಇನ್ನೊಂದು ಕೈ ಸಿಗಲಿಲ್ಲ, ಅಷ್ಟೇ.

“ಎಣ್ಣಿ ನಿಮ್ಮ ಬೆರಳಿಂದ್ರಿ. ಆವತ್ತಿನ ಎಣ್ಣಿ ನನ್ನ ಬೆರಳಿಂದು. ಆ ಹೆಣ್ಮಗಳ ಕೈ ಸ್ವಚ್ಛ ಇದ್ವು. ನನಗ ಅವತ್ತ ಗೊತ್ತಿತ್ತು.”

ಅಂಕಿಗಳನ್ನು ತೋರಿಸಿದೆ. ಇಳಿದ ಎಣ್ಣೆಯ ದಾರಿ ತೋರಿಸಿದೆ. ರದ್ದಿ ಮಷಿನ್ನಿಗೆ ಸುರಿದದ್ದನ್ನೂ ಹೇಳಿದೆ. ಇಂಜಿನಿಯರು ಅಚ್ಚು ತೊಳೆಸಿ ಮತ್ತೆ ಓಡಿಸಿದ. ಹಿಡಿಗಳು ಗಟ್ಟಿಯಾಗಿ ಬಂದವು. ಸಾಹುಕಾರರು ನನಗೆ ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಬಹಳ ಹೊತ್ತು ತಮ್ಮ ಮೂರು ಬೆರಳನ್ನೇ ಒರೆಸಿಕೊಳ್ಳುತ್ತ ನಿಂತರು. ಆಮೇಲೆ ಆ ಹೆಣ್ಣುಮಗಳು ಈಗ ಎಲ್ಲಿದ್ದಾಳೆ ಎಂದಷ್ಟೇ ಕೇಳಿದರು. ನೀವು ಹೋಗಿ ಕ್ಷಮೆ ಕೇಳಿಕೊಳ್ಳಿ, ಬರುವುದಾದರೆ ಕರೆದುಕೊಂಡು ಬನ್ನಿ ಎಂದರು.

ಆಕೆ ಕುಷ್ಟಗಿಯಲ್ಲಿದ್ದಳು. ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ದೂರದಲ್ಲಿ ಖಡಕ್ ರೊಟ್ಟಿ ಮಾಡಿ ಮಾರುವ ಕೇಂದ್ರ ಇಟ್ಟುಕೊಂಡು, ನಾಲ್ಕೈದು ಹೆಣ್ಣುಮಕ್ಕಳಿಗೆ ಕೆಲಸ ಕೊಟ್ಟಿದ್ದಳು. ನಾನು ಹೋದಾಗ ಒಲೆಯ ಮುಂದೆ ತಾನೇ ಕೂತಿದ್ದಳು. ನನ್ನನ್ನು ನೋಡಿ ಎದ್ದು ನಿಲ್ಲಲಿಲ್ಲ, ಹೋಗು ಎನ್ನಲೂ ಇಲ್ಲ. ಮಣೆ ತೋರಿಸಿದಳು. ಕೂತು ಎಲ್ಲವನ್ನೂ ಹೇಳಿದೆ, ಇಲ್ಲಿ ಬರೆದ ಹಾಗೆಯೇ, ಮಷಿನ್ನಿನಿಂದ ಶುರು ಮಾಡಿ. ಆಕೆಯ ಕೈ ನಿಲ್ಲಲಿಲ್ಲ. ರೊಟ್ಟಿ ಬಡಿಯುತ್ತ, ಹಂಚಿಗೆ ಹಾಕುತ್ತ, ನೀರು ಸವರುತ್ತ ಕೇಳಿದಳು. ನಾನು ಮುಗಿಸಿದಾಗ ಹಂಚಿನ ಮೇಲಿನ ರೊಟ್ಟಿ ಪೂರಾ ಉಬ್ಬಿತ್ತು. ಅದನ್ನು ಎತ್ತಿ ನನ್ನ ಮುಂದೆ ಹಿಡಿದಳು.

“ನನ್ನ ಕೈಯಾಗ ಹೊಲಸು ಇದ್ದಿದ್ರ ಇವು ಹಿಂಗ ಉಬ್ಬತಿದ್ವೇನ್ರಿ, ಮಾಮಾ?”

ಕೆಲಸದ ಹೆಣ್ಣುಮಕ್ಕಳು ನಕ್ಕರು. ನಾನು ಎದ್ದು ಕೈ ಮುಗಿದೆ. ತಪ್ಪಾಯಿತು ಎಂದೆ.

“ಕೈ ಇಳಸ್ರಿ. ಹಿರ್ಯಾರು ಕೈ ಮುಗದ್ರ ನನ್ನ ಆಯುಷ್ಯ ಕಡಿಮಿ ಆಕ್ಕೈತಿ. ರೊಟ್ಟಿ ವ್ಯಾಪಾರ ಈಗ ಛಲೋ ನಡದೈತಿ, ನನಗ ಇನ್ನೂ ಭಾಳ ದಿನ ಬೇಕು.”

ಕಾರ್ಖಾನೆಗೆ ಬರುವುದಿಲ್ಲ ಎಂದಳು. ಸಾಹುಕಾರರಿಗೆ ರೊಟ್ಟಿ ಬೇಕಾದರೆ ಹೇಳಿ ಕಳಿಸಲಿ ಎಂದಳು. ಅಪ್ಪನಿಗೆ ತಾನೇ ಎಲ್ಲ ಹೇಳುತ್ತೇನೆ, ನೀವು ಬೇವೂರಿಗೆ ಹೋಗಿ ಅವನ ಮುಂದೆ ಮುದುಡಿ ನಿಲ್ಲುವುದು ಬೇಡ ಎಂದಳು. ನಾನು ಹಗುರಾದೆ. ಹೊರಡಲು ಎದ್ದಾಗ, ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಬಾಗಿಲಿನವರೆಗೆ ಬಂದು ಕೇಳಿದಳು:

“ಅಕ್ಕಗ ಹೇಳೀರೇನು?”

ಇಲ್ಲ ಎಂದೆ.

“ನಾ ಹೇಳೂದಿಲ್ಲ. ನಾ ಹೇಳಿದ್ರ ಚಾಡಿ ಆಕ್ಕೈತಿ. ನೀವ ಹೇಳ್ರಿ. ನನಗ ಹೋಗಿದ್ದು ಒಂದು ಕೆಲಸ, ಇನ್ನೊಂದು ಮಾಡ್ಕೊಂಡೆ. ಆಕಿಗೆ ಹೋಗಿದ್ದು ತವರುಮನಿ.”

ಹೇಳುತ್ತೇನೆ ಎಂದೆ. ಬಸ್ಸಿನಲ್ಲಿ ಬರುತ್ತ ಮಾತುಗಳನ್ನು ಹೊಂದಿಸಿಕೊಂಡೆ. ಮನೆಗೆ ಬಂದಾಗ ನನ್ನ ಹೆಂಡತಿ ಕೈಕಾಲಿಗೆ ನೀರು ಕೊಟ್ಟಳು, ಎಲ್ಲಿಗೆ ಹೋಗಿದ್ದಿರಿ ಎಂದು ಕೇಳಿದಳು. ಕೆಲಸದ ಮೇಲೆ ಕುಷ್ಟಗಿಗೆ ಎಂದೆ. ಕೆಲಸದ ಮೇಲೆ ಎಂದ ಮೇಲೆ ಅವಳು ಹೆಚ್ಚಿಗೆ ಕೇಳುವುದಿಲ್ಲ. ಅದು ಅವಳು ನನ್ನ ಮೇಲಿಟ್ಟ ನಂಬಿಕೆ.

ಆ ಪಂಚಮಿಗೆ ತವರಿನಿಂದ ಕರೆ ಬಂತು. ಬಂದದ್ದು ಆ ತಂಗಿಯೇ. ನಾನು ಅಂಗಳದಲ್ಲಿ ಜೋಕಾಲಿಯ ಹಗ್ಗ ಬಿಗಿಯುತ್ತಿದ್ದೆ. ನನ್ನ ಹೆಂಡತಿ ಬಾಗಿಲಿಗೆ ಬಂದು ತಂಗಿಯನ್ನು ನೋಡಿ ಕ್ಷಣ ನಿಂತಳು. ಆಮೇಲೆ ಮೆಟ್ಟಿಲಿಳಿದು ಹೋಗಿ ಅವಳ ಎರಡೂ ಕೈ ಹಿಡಿದುಕೊಂಡಳು.

“ಬಾರವ್ವಾ. ಸಣ್ಣಾಕಿ ಇದ್ದಿ, ತಪ್ಪಾತು. ನಾನರ ಅದನ್ನ ಯಾವಾಗೋ ಮರತೀನಿ.”

ತಂಗಿ ನನ್ನ ಕಡೆ ನೋಡಿದಳು. ನನ್ನ ಕೈಯಲ್ಲಿ ಹಗ್ಗ ಇತ್ತು. ಒಂದು ಗಂಟು ಹಾಕಿ, ಅದರ ಮೇಲೆ ಇನ್ನೊಂದು ಗಂಟು ಹಾಕಿದೆ. ಆಕೆ ಇನ್ನಷ್ಟು ಹೊತ್ತು ಕಾದಳು. ಆಮೇಲೆ, “ಹೂಂ ಅಕ್ಕಾ, ನಡಿ ಹೋಗೂಣು” ಎಂದಳು.

ತವರಿಗೆ ಹೋದ ನನ್ನ ಹೆಂಡತಿ ಮೂರು ದಿನ ಇದ್ದು ಉಂಡಿಯ ಡಬ್ಬಿ ಹೊತ್ತು ವಾಪಸ್ ಬಂದಳು. ಮುಖ ತುಂಬಿತ್ತು. ಚಿಕ್ಕಪ್ಪ ಮಾತಾಡಿಸಿದ, ಸೀರೆ ಉಡಿಸಿದ ಎಂದಳು. ಕಡೆಗೂ ಅವರಿಗೆ ತಿಳಿಯಿತು, ನಿಮ್ಮ ಮಾತು ಸುಳ್ಳಲ್ಲ ಎಂದು, ಎಂದಳು. ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದೂ ಅವಳ ಮುಂದೆ ಯಾರೂ ಆಡಲಿಲ್ಲ. ನನ್ನ ಮಾನ ಉಳಿಸಲಿಕ್ಕಲ್ಲ, ಅವಳದು.

ಅಂದಿನಿಂದ ಪ್ರತಿ ಪಂಚಮಿಗೆ ಅವಳು ಬೇವೂರಿಗೆ ಹೋಗುತ್ತಾಳೆ. ಹೋಗುವ ಮುನ್ನಾದಿನ ಹೇಳಬೇಕು ಎಂದುಕೊಳ್ಳುತ್ತೇನೆ. ಹೇಳಿದರೆ ಈ ಸಲದ ಹಬ್ಬ ಕೆಡುತ್ತದೆ ಎನ್ನಿಸುತ್ತದೆ. ಬಂದ ಮೇಲೆ ಹೇಳಬೇಕು ಎಂದುಕೊಳ್ಳುತ್ತೇನೆ. ಅವಳ ಮುಖ ನೋಡಿದರೆ ಮಷಿನ್ನಿನ ಮಾತು ತೆಗೆದು ಎದ್ದುಹೋಗುತ್ತೇನೆ.

ಸಾಹುಕಾರರ ಮುಂದೆ ತಪ್ಪೊಪ್ಪಿಕೊಂಡೆ. ಗಂಗಾವತಿಯ ವ್ಯಾಪಾರಿಯ ಅಂಗಡಿಗೆ ಹೋಗಿ ಹೇಳಿದೆ. ಅವನು ಚಹಾ ಕುಡಿಸಿದ. ತಂಗಿಗೆ ಕೈ ಮುಗಿದೆ. ಇಷ್ಟು ಜನರ ಮುಂದೆ ಬಾಗಿದ್ದು ಸುಳ್ಳಲ್ಲ, ಅದರಲ್ಲಿ ನನಗೆ ಸಮಾಧಾನವೂ ಇದೆ. ಆದರೆ ನನ್ನ ಒಂದು ಮಾತನ್ನು ನಂಬಿ ತನ್ನ ತವರಿನ ನಡುಮನೆಯಲ್ಲಿ ನಿಂತು ನನ್ನ ಪರವಾಗಿ ಮಾತಾಡಿ, ಅದಕ್ಕೆ ಅಷ್ಟು ಪಂಚಮಿಗಳನ್ನು ತೆತ್ತವಳಿಗೆ ಮಾತ್ರ ಇನ್ನೂ ತಪ್ಪಾಯಿತು ಎಂದಿಲ್ಲ. ಗಂಡಹೆಂಡಿರು ಹೆಸರು ಹಿಡಿದು ಕರೆಯುವ ರೂಢಿ ನಮ್ಮಲ್ಲಿಲ್ಲ. ಮದುವೆಯ ದಿನ ಹೆಸರು ಸೇರಿಸಿ ಹೇಳುವ ಪದ್ಯ, ಒಡಪು, ಹೇಳಿಸಿದಾಗ ಒಂದು ಸಲ ಅವಳ ಹೆಸರು ನನ್ನ ಬಾಯಲ್ಲಿ ಬಂದದ್ದು, ಆಮೇಲೆ ಬಂದಿಲ್ಲ. ಈಗ ಒಳಗೆ ಶೇಂಗಾ ಹುರಿಯುತ್ತಿದ್ದಾಳೆ, ನಾಳಿದ್ದು ಪಂಚಮಿ. ನಾನು ಕ್ಷಮೆ ಕೇಳದೆ ಉಳಿಸಿಕೊಂಡಿರುವುದು ಅವಳೊಬ್ಬಳನ್ನು, ನನ್ನ ಹೆಂಡತಿಯನ್ನು.